ಎಲೆ ನುಡಿಯುವ ಕಾರಣಿಕ

ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದನೆಂದರೆ ಅಷ್ಟು ದೊಡ್ಡ ಜನಸಾಗರ ಒಮ್ಮೆಲೇ ಮೌನವಾಗುತ್ತದೆ. ಆಮೇಲೆ ಅವನು ನುಡಿಯುವುದು ಒಂದೇ ಒಂದು ಮಾತು. ಅದರಲ್ಲಿ ಮಳೆ ಎಷ್ಟು, ಬೆಳೆ ಎಷ್ಟು ಎಂದು ಅರ್ಥ ಹುಡುಕುವ ಕೆಲಸ ಊರಿಗೆ ಮರಳುವ ದಾರಿಯುದ್ದಕ್ಕೂ ನಡೆಯುತ್ತದೆ. ಬಿತ್ತಿದ ಮೇಲೆ ಹೊಲದಲ್ಲಿಯೂ ಒಂದು ಕಾರಣಿಕ ಇದೆ. ಅದನ್ನು ನುಡಿಯುವುದು ಎಲೆ. ಅದರ ಮಾತೂ ಒಂದೇ: ‘ಹಳದಿ’. ಅರ್ಥ ತಪ್ಪಾಗಿ ತಿಳಿದರೆ ಮಾತ್ರ ಕೈಯಿಂದ ದುಡ್ಡು ಹೋಗುತ್ತದೆ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಎರೆ ಹೊಲದ ಶೇಂಗಾ ಮೊಳೆತು ತಿಂಗಳಾಗುವಷ್ಟರಲ್ಲಿ ಹಳದಿಯಾಯಿತು. ಅಪ್ಪ ಯೂರಿಯಾ ಹಾಕಿದರು. ಹಸಿರಾಗಲಿಲ್ಲ. ಗೊಬ್ಬರದಂಗಡಿಯವರು ಒಂದು ಬಾಟಲಿ ಕೊಟ್ಟರು, ಅದನ್ನೂ ಹೊಡೆದದ್ದಾಯಿತು. ಮುಂದಿನ ವಾರ ಇನ್ನೊಂದು ಬಾಟಲಿ. ಕೊನೆಗೆ ಆ ದಾರಿಯಲ್ಲಿ ಬಂದ ಕೃಷಿ ಅಧಿಕಾರಿಯೊಬ್ಬರು ಬದುವಿನ ಮೇಲೆ ನಿಂತು ಕೇಳಿದ್ದು ಒಂದೇ ಪ್ರಶ್ನೆ: ‘ಯಜಮಾನ್ರ, ಹಳದಿ ಆಗಿರೋದು ಮ್ಯಾಲಿನ ಎಲಿನೋ, ಕೆಳಗಿನ ಎಲಿನೋ?’

ಅಪ್ಪನಿಗೆ ಸಿಟ್ಟು ಬಂತು. ‘ಎಲಿ ಹಳದಿ ಆಗೈತಿ ಅಂದ್ರ ಆಗೈತಿ. ಮ್ಯಾಲೇನು, ಕೆಳಗೇನು ಸಾಹೇಬ್ರ?’

ಎಲ್ಲಾ ಇರುವುದು ಅಲ್ಲೇ. ಗಿಡದೊಳಗಿನ ಸಂಸಾರ ನಮ್ಮ ಮನೆಗಳ ಹಾಗೆಯೇ. ಬರಗಾಲದಲ್ಲಿ ಮನೆಯ ಹಿರಿಯರು ತಮ್ಮ ತಟ್ಟೆಯ ರೊಟ್ಟಿಯನ್ನು ಮಕ್ಕಳ ತಟ್ಟೆಗೆ ಜರುಗಿಸುತ್ತಾರಲ್ಲ, ಹಾಗೆ ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಇವು ಕಡಿಮೆಯಾದಾಗ ಮುದಿ ಎಲೆಗಳು ತಮ್ಮಲ್ಲಿದ್ದದ್ದನ್ನು ಚಿಗುರಿಗೆ ಕಳಿಸಿ ತಾವು ಬಡವಾಗುತ್ತವೆ. ಆದ್ದರಿಂದ ಈ ಕೊರತೆಗಳು ಮೊದಲು ಕಾಣಿಸುವುದು ಬುಡದ ಎಲೆಗಳಲ್ಲಿ. ಕಬ್ಬಿಣದ ಸ್ವಭಾವ ಬೇರೆ. ಒಂದು ಎಲೆಯಲ್ಲಿ ಸೇರಿದ ಕಬ್ಬಿಣ ಗೋಡೆಗೆ ಹೊಡೆದ ಗೂಟದಂತೆ ಅಲ್ಲೇ ಕೂರುತ್ತದೆ. ಅದು ಸಾಲದಾದಾಗ ಕೆಳಗಿನ ಎಲೆ ಹಸಿರಾಗಿಯೇ ಇದ್ದು, ಚಿಗುರು ಬಿಳಿಚಿಕೊಳ್ಳುತ್ತದೆ. ನರಗಳು ಮಾತ್ರ ಹಸಿರು, ನಡುವಿನ ಭಾಗ ಹಳದಿ.

ನಮ್ಮ ಶೇಂಗಾದಲ್ಲಿ ಹಳದಿಯಾಗಿದ್ದು ಚಿಗುರು. ಯೂರಿಯಾ ಕೊಡುವುದು ಸಾರಜನಕ, ಗಿಡಕ್ಕೆ ಬೇಕಾಗಿದ್ದು ಕಬ್ಬಿಣ. ಅಷ್ಟೇ ಅಲ್ಲ, ಶೇಂಗಾ ತನ್ನ ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಸಾಕಿಕೊಂಡು ಗಾಳಿಯ ಸಾರಜನಕವನ್ನು ತಾನೇ ಸಂಪಾದಿಸುತ್ತದೆ. ಯೂರಿಯಾ ಹೆಚ್ಚಾದರೆ ಆ ಗಂಟುಗಳೇ ಕಡಿಮೆಯಾಗುತ್ತವೆ. ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಕೆಂಪಗಿದ್ದರೆ ಅದು ದುಡಿಯುತ್ತಿದೆ ಎಂದರ್ಥ.

ಹಾಗಾದರೆ ನೆಲದಲ್ಲಿ ಕಬ್ಬಿಣ ಇಲ್ಲವೇ? ಸಂಡೂರಿನ ಗುಡ್ಡಗಳ ನೆರೆಯಲ್ಲಿದ್ದುಕೊಂಡು ಕಬ್ಬಿಣಕ್ಕೆ ಬಡತನ ಎಂದರೆ ಯಾರಾದರೂ ನಕ್ಕಾರು. ನೆಲದಲ್ಲಿ ಇರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಸುಣ್ಣದ ಹರಳು ಬೆರೆತ ಎರೆ ಮಣ್ಣು ಕ್ಷಾರಗುಣದ್ದು. ಅಂಥ ಮಣ್ಣಿನಲ್ಲಿ ಕಬ್ಬಿಣ ನೀರಿನಲ್ಲಿ ಕರಗದ ರೂಪದಲ್ಲಿ ಉಳಿದುಬಿಡುತ್ತದೆ. ಜಡಿಮಳೆ ಹಿಡಿದು ಹೊಲದಲ್ಲಿ ನೀರು ನಿಂತರೆ ತೊಂದರೆ ಇನ್ನೂ ಹೆಚ್ಚು. ಮಸಾರಿ ನೆಲದಲ್ಲಿ ಈ ಕಾಟ ಕಡಿಮೆ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಹೊಲದ ಚೂರು ಮಣ್ಣಿನ ಮೇಲೆ ಶಾಲೆಯ ಪ್ರಯೋಗಾಲಯದಲ್ಲಿ, ಮಾಸ್ತರರ ಎದುರಿನಲ್ಲೇ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಬಿಡಿ. ಬುರುಬುರು ನೊರೆ ಬಂದರೆ ಸುಣ್ಣವಿದೆ. ಇನ್ನು ಹಳಬರು ಅನ್ನಭೇದಿ ಎನ್ನುವ ಫೆರಸ್ ಸಲ್ಫೇಟನ್ನು ಲೀಟರ್ ನೀರಿಗೆ 5 ಗ್ರಾಂನಂತೆ ಆಗಲೇ ಕರಗಿಸಿ, ತಂಪು ಹೊತ್ತಿನಲ್ಲಿ ನಾಲ್ಕಾರು ಹಳದಿ ಚಿಗುರುಗಳಿಗೆ ಮಾತ್ರ ಹಚ್ಚಿ. ಕೆಲವು ದಿನಗಳಲ್ಲಿ ದ್ರಾವಣ ತಾಗಿದ ಕಡೆಯಲ್ಲೇ ಹಸಿರು ಮೂಡಿದರೆ ರೋಗ ಯಾವುದೆಂದು ತಿಳಿಯಿತು. ಇಡೀ ಹೊಲಕ್ಕೆ ಸಿಂಪಡಿಸುವ ಮಾತು ಆಮೇಲಿನದು. ನಮ್ಮಪ್ಪನ ಎರಡು ಬಾಟಲಿಗಳ ದುಡ್ಡಿನ ಮುಂದೆ ಈ ಪರೀಕ್ಷೆಯ ಖರ್ಚು ಏನೂ ಅಲ್ಲ.

ಹರಪನಹಳ್ಳಿ ಕಡೆಯ ಮೆಕ್ಕೆಜೋಳದ ಎಲೆ ಇನ್ನೂ ಬಿಡಿಸಿ ಹೇಳುತ್ತದೆ. (ಈ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಹೊಲಗಳು ಮಾತ್ರ ಇದ್ದಲ್ಲೇ ಇವೆ!) ಬುಡದ ಎಲೆಯ ತುದಿಯಿಂದ ನಡುನರದ ಗುಂಟ ಹಳದಿ ಒಳಗೆ ಇಳಿದಿದ್ದರೆ ಸಾರಜನಕದ ಕೊರತೆ. ನಡು ಹಸಿರಾಗಿದ್ದು ಅಂಚು ಮಾತ್ರ ಸುಟ್ಟಂತಾಗಿದ್ದರೆ ಪೊಟ್ಯಾಷ್. ಎಳೆ ಪೈರಿನ ಎಲೆಗೆ ನೇರಳೆ ಬಣ್ಣ ಹತ್ತಿದರೆ ರಂಜಕ. ಎಳೆಯ ಎಲೆಯಲ್ಲಿ ನಡುನರದ ಎರಡೂ ಬದಿಗೆ ಅಗಲವಾದ ಬಿಳಿ ಪಟ್ಟೆ ಕಂಡರೆ ಸತುವಿನ ಕೊರತೆ. ಈ ಕೊನೆಯದರಲ್ಲಿ ಮೋಸಹೋಗುವುದು ಸುಲಭ. ಕೇದಿಗೆ ರೋಗದಲ್ಲಿಯೂ ಎಲೆ ಪಟ್ಟೆಪಟ್ಟೆಯಾಗಿ ಬಿಳಿಚಿಕೊಳ್ಳುತ್ತದೆ. ಬೆಳಗಿನ ಇಬ್ಬನಿ ಆರುವ ಮೊದಲೇ ಎಲೆಯ ಅಡಿಭಾಗ ನೋಡಬೇಕು. ಅಲ್ಲಿ ಹಿಟ್ಟು ಉದುರಿಸಿದಂತೆ ಬಿಳಿ ಬೂಷ್ಟು ಇದ್ದರೆ ಅದು ಕೇದಿಗೆ ರೋಗ.

ಎಲೆಯನ್ನು ಮಗುಚಿ ನೋಡುವ ಅಭ್ಯಾಸ ಶೇಂಗಾಕ್ಕೂ ಬೇಕು. ಟಿಕ್ಕಾ ರೋಗದಲ್ಲಿ ಎರಡು ಬಗೆ. ಮೊದಲು ಬರುವ ಕಂದು ಚುಕ್ಕೆಯ ಸುತ್ತ ಹಳದಿ ಬಳೆ ಇರುತ್ತದೆ. ತಡವಾಗಿ ಬರುವ ಚುಕ್ಕೆ ಎಲೆಯ ಅಡಿಯಲ್ಲಿ ಇದ್ದಿಲಿನಷ್ಟು ಕಪ್ಪು. ಚುಕ್ಕೆಯ ಬದಲು ಕಿತ್ತಳೆ ಬಣ್ಣದ ಪುಡಿ ಬೆರಳಿಗೆ ಹತ್ತಿದರೆ ಅದು ತುಕ್ಕು ರೋಗ. ಕೊರತೆಯ ಹಳದಿಗೂ ರೋಗದ ಚುಕ್ಕೆಗೂ ಸಾಮಾನ್ಯವಾಗಿ ಒಂದು ಅಂತರವಿದೆ: ಕೊರತೆ ಎಲೆಯ ಎರಡೂ ಮಗ್ಗುಲಿಗೆ ಸಮನಾಗಿ ಹರಡುತ್ತದೆ, ರೋಗ ಮನಸ್ಸಿಗೆ ಬಂದಲ್ಲಿ ಕೂರುತ್ತದೆ. ಹಡಗಲಿಯ ಹೆಸರಾಂತ ಮಲ್ಲಿಗೆಯಲ್ಲಿ ಇನ್ನೊಂದು ಸೋಜಿಗ. ಎಲೆ, ಮೊಗ್ಗುಗಳ ಮೇಲೆ ಬಿಳಿ ಕಂಬಳಿಯಂಥ ರೋಮ ಎದ್ದರೆ ಎಲ್ಲರೂ ಬೂಷ್ಟು ಎಂದುಕೊಳ್ಳುತ್ತಾರೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ. ಬೂಷ್ಟಿನ ಔಷಧಿಗಳೆಲ್ಲ ಅದಕ್ಕೆ ನಾಟುವುದಿಲ್ಲ.

ಎಲೆಯ ಆಕಾರ ಬೇರೆಯಾಯಿತೆಂದು ಗಾಬರಿಯಾಗಬೇಕಿಲ್ಲ. ಪುಂಡಿ ಗಿಡವನ್ನೇ ನೋಡಿ. ಬುಡದ ಎಲೆ ಹೆಚ್ಚಾಗಿ ಇಡಿಯಾಗಿದ್ದರೆ ಮೇಲಿನವು ಬೆರಳು ಬಿಡಿಸಿದಂತೆ ಸೀಳಿರುತ್ತವೆ. ಅದು ರೋಗವಲ್ಲ, ಅದರ ಜಾಯಮಾನ. ಈ ಸೀಳೆಲೆ ಗಾಂಜಾ ಎಲೆಯನ್ನು ಹೋಲುವುದರಿಂದಲೇ ಲಿನೇಯಸ್ ಪುಂಡಿಗೆ ‘ಹೈಬಿಸ್ಕಸ್ ಕನ್ನಾಬಿನಸ್’ ಎಂದು ಹೆಸರಿಟ್ಟ. ಸಂಬಂಧ ಮಾತ್ರ ಏನೂ ಇಲ್ಲ. ಪುಂಡಿಯ ಬಳಗ ಬೆಂಡೆ, ಹತ್ತಿ, ದಾಸವಾಳದ್ದು. ಪಲ್ಯ ನಿಶ್ಚಿಂತೆಯಿಂದ ಉಣ್ಣಬಹುದು!

ಹೊತ್ತನ್ನೂ ಗಮನಿಸಬೇಕು. ಮಟಮಟ ಮಧ್ಯಾಹ್ನ ಮೆಕ್ಕೆಜೋಳದ ಎಲೆ ಸುರುಳಿ ಸುತ್ತಿ ಸಂಜೆಗೆ ಬಿಚ್ಚಿಕೊಂಡರೆ ಅದು ನೀರು ಉಳಿಸುವ ಜಾಣತನ. ಬೆಳಿಗ್ಗೆ ಎಂಟಕ್ಕೇ ಸುತ್ತಿಕೊಂಡಿದ್ದರೆ ನಿಜವಾಗಿ ಬಾಯಾರಿದೆ. ಶೇಂಗಾ ರಾತ್ರಿ ಎಲೆ ಮಡಚುವುದು ಅದರ ನಿದ್ದೆ. ನೆಲ ಹಸಿಯಾಗಿದ್ದೂ ಗಿಡ ಬಾಡಿದ್ದರೆ ಎಲೆ ಬಿಟ್ಟು ಬೇರು ನೋಡಿ.

ಎಲೆ ಬಾಯಿ ಬಿಡದ ಸಂಗತಿಯೂ ಒಂದಿದೆ. ಗಿಡ ಹಸಿರಾಗಿ ನಳನಳಿಸುತ್ತಿದ್ದರೂ ಕಿತ್ತಾಗ ಶೇಂಗಾ ಕಾಯಿ ಜೊಳ್ಳಾಗಿರಬಹುದು. ಮಣ್ಣಿಗಿಳಿದ ಕಾಯಿ ತನಗೆ ಬೇಕಾದ ಸುಣ್ಣದ ಅಂಶವನ್ನು ಸುತ್ತಲಿನ ಮಣ್ಣಿನಿಂದ ತಾನೇ ಹೀರಬೇಕು, ಎಲೆಯಿಂದ ಅದಕ್ಕೆ ಬರುವುದಿಲ್ಲ. ಹೂ ಬಿಡುವಾಗ ಜಿಪ್ಸಂ ಕೊಡುವುದು ಇದಕ್ಕಾಗಿ. ಎಲೆ ನೋಡಿ ಹಾಕುತ್ತೇನೆಂದು ಕಾದವರಿಗೆ ಎಲೆ ಏನನ್ನೂ ಹೇಳುವುದಿಲ್ಲ. ಬಿತ್ತುವ ಮೊದಲು ಮಣ್ಣು ಪರೀಕ್ಷೆಯೊಂದೇ ದಾರಿ. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿ ಮನೆಯಲ್ಲಿದ್ದರೆ ಮಕ್ಕಳು ಅದನ್ನು ಪೆಟ್ಟಿಗೆಯಿಂದ ತೆಗೆದು ಅಪ್ಪ ಅವ್ವಂದಿರಿಗೆ ಓದಿ ಹೇಳಲಿ.

ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗುವಾಗ ಬಹಳ ಜನ ಒಂದು ಎಲೆ ಕಿತ್ತು ಜೇಬಿನಲ್ಲಿಟ್ಟುಕೊಂಡು ಹೋಗುತ್ತಾರೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಅದು ಮುದುಡಿರುತ್ತದೆ. ಮೇಲಿನದೋ ಕೆಳಗಿನದೋ ಹೇಳಲು ಯಾರಿಗೂ ಬರುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವತು ಕೊಳೆಯುತ್ತದೆ. ಕೆಟ್ಟದ್ದೊಂದು, ಚೆನ್ನಾಗಿರುವುದೊಂದು, ಎರಡು ಗಿಡಗಳನ್ನು ಬೇರುಸಹಿತ ಎಬ್ಬಿಸಿ, ಮಣ್ಣು ಕೊಡವಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಒಯ್ಯಿರಿ. ಬಿತ್ತಿದ ದಿನ, ಹಾಕಿದ ಗೊಬ್ಬರ, ಹೊಡೆದ ಔಷಧಿ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗಿಟ್ಟರೆ ಇನ್ನೂ ಒಳ್ಳೆಯದು.