ಬೀಜದ ಪಾಕೀಟಿನ ಇಂಗ್ಲಿಷು

ರಾಣೆಬೆನ್ನೂರು ಬೀಜದ ವ್ಯಾಪಾರಕ್ಕೆ ಹೆಸರಾದ ಊರು. ಅಲ್ಲಿ ಮಾರಾಟವಾಗುವ ಪಾಕೀಟುಗಳ ಬೆನ್ನ ಮೇಲೆ ಲಾಟ್ ನಂಬರು, ಪರೀಕ್ಷೆ ಮಾಡಿದ ದಿನ, ವಾಯಿದೆ ಮುಗಿಯುವ ದಿನ, ಮೊಳಕೆಯ ಪ್ರಮಾಣ ಎಲ್ಲವೂ ಅಚ್ಚಾಗಿರುತ್ತವೆ. 1966ರ ಬೀಜ ಕಾಯ್ದೆ ಇವನ್ನು ಕಡ್ಡಾಯ ಮಾಡಿದ್ದು ರೈತನಿಗಾಗಿ. ಆದರೆ ಬಹುಪಾಲು ಅಚ್ಚಾಗುವುದು ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ. ಆ ಬೀಜ ಬಿತ್ತುವ ಮನೆಯ ಮಕ್ಕಳು ಸಾಲಿಯಲ್ಲಿ ಇಂಗ್ಲಿಷ್ ಪದ್ಯದ ಸಾರಾಂಶವನ್ನು ಗೈಡಿನಿಂದ ಉರು ಹೊಡೆಯುತ್ತಾರೆ. ಪಾಕೀಟು ಓದುವುದು ಮಾತ್ರ ಯಾರ ಪಾಠದಲ್ಲೂ ಇಲ್ಲ. ಇಂಗ್ಲಿಷ್ ಶಿಕ್ಷಕರ ತರಬೇತಿಯ ಬಗ್ಗೆ ಮಾತಾಡುವವರು ಈ ಅಂತರದಿಂದಲೇ ಶುರುಮಾಡಬೇಕು.

ತರಬೇತಿಯೇ ಇಲ್ಲವೆಂದು ಯಾರೂ ಹೇಳಲಾರರು. ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಇದೆ; ಅದರ 30 ದಿನಗಳ ಶಿಬಿರದಿಂದ ಬಂದ ಶಿಕ್ಷಕರು ರಾಜ್ಯದ ಮೂಲೆಮೂಲೆಯಲ್ಲಿ ಸಿಗುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಯಾದರೂ ವೃತ್ತಿ ಕಲಿಕೆ ಇರಬೇಕೆನ್ನುತ್ತದೆ. ಪ್ರಶ್ನೆ ಗಂಟೆಗಳದಲ್ಲ. ಆ ಗಂಟೆಗಳಲ್ಲಿ ಏನು ನಡೆಯುತ್ತದೆ ಎಂಬುದು. ಈ ವಿಷಯದಲ್ಲಿ ಲೋಕವೇ ಗಮನಿಸಿದ ಒಂದು ಪ್ರಯೋಗ ನಮ್ಮ ರಾಜಧಾನಿಯ ಹೆಸರಿನಲ್ಲೇ ಇದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸು ಮುಂತಾದ ಕಡೆ ಸಾಧಾರಣ ಶಾಲೆಗಳಲ್ಲಿ ನಡೆಸಿದ ಈ ಕೆಲಸಕ್ಕೆ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರು. ವ್ಯಾಕರಣದ ಸೂತ್ರ ಮೊದಲು, ಬಳಕೆ ಆಮೇಲೆ ಎಂಬ ಕ್ರಮವನ್ನು ಅವರು ಬಿಟ್ಟರು. ನಕ್ಷೆ, ವೇಳಾಪಟ್ಟಿಗಳಂಥವನ್ನು ಮುಂದಿಟ್ಟು ಒಂದು ಸಮಸ್ಯೆ ಬಿಡಿಸಲು ಹೇಳುವುದು. ಬಿಡಿಸುವ ಗಡಿಬಿಡಿಯಲ್ಲಿ ಭಾಷೆ ತಾನಾಗಿ ಅಂಟಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ಬೆರೆಟ್ಟಾ ಮತ್ತು ಡೇವಿಸ್ 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ, ಬಿಡಿ ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳೇ ಒಟ್ಟಾರೆ ಮುಂದಿದ್ದರು. ಅರ್ಥ ಹಿಡಿದು ಓದುವ, ಕೇಳುವ ಪರೀಕ್ಷೆಗಳಲ್ಲಿ ಪ್ರಭು ಅವರ ಮಕ್ಕಳು. ಆದರೆ ಬೆರೆಟ್ಟಾ ಆಮೇಲೆ ಗಮನಿಸಿದ ಸಂಗತಿ ನನಗೆ ಹೆಚ್ಚು ಮುಖ್ಯ: ಯೋಜನೆಯ ಒಳಗಿನವರಿಗೆ ಒಗ್ಗಿದ ವಿಧಾನ ದಿನನಿತ್ಯದ ತರಗತಿ ಶಿಕ್ಷಕರಿಗೆ ಅಷ್ಟಾಗಿ ಒಗ್ಗಲಿಲ್ಲ. ವಿಧಾನ ಒಳ್ಳೆಯದಾಗಿದ್ದರೆ ಸಾಲದು, ಅದು ಶಿಕ್ಷಕರ ಸ್ವಂತದ್ದಾಗಬೇಕು. ಅತ್ಯುತ್ತಮ ವಿಧಾನವೆಂಬುದೇ ಇಲ್ಲ, ತಾನು ಕಲಿಸುತ್ತಿರುವ ರೀತಿಯಲ್ಲಿ ಶಿಕ್ಷಕರಿಗೆ ಜೀವಂತ ನಂಬಿಕೆ ಇದೆಯೇ ಎಂಬುದೇ ಮುಖ್ಯವೆಂದು ಪ್ರಭು ಅವರೂ 1990ರಲ್ಲಿ ವಾದಿಸಿದರು.

ಆ ನಂಬಿಕೆ ಬೆಳೆಯುವುದು ಕಾಣುವ, ಮುಟ್ಟುವ ಸಾಮಗ್ರಿಯಿಂದ. ಹುಬ್ಬಳ್ಳಿ–ದಾವಣಗೆರೆ ರೈಲು ದಾರಿಯಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸಾಲಾಗಿ ಬರುತ್ತವೆ. ಹಾವೇರಿಯಲ್ಲಿ ನಿಲ್ಲುವ ಗಾಡಿಗಳೆಲ್ಲ ಬ್ಯಾಡಗಿಯಲ್ಲಿ ನಿಲ್ಲುವುದಿಲ್ಲ. ವೇಳಾಪಟ್ಟಿಯ ಅರ್ಧವನ್ನು ಒಂದು ಗುಂಪಿಗೆ, ಉಳಿದರ್ಧವನ್ನು ಇನ್ನೊಂದಕ್ಕೆ ಕೊಟ್ಟು, ಬೆಳಗಿನ ಮೆಣಸಿನಕಾಯಿ ಟೆಂಡರಿನ ಹೊತ್ತಿಗೆ ಬ್ಯಾಡಗಿ ಮುಟ್ಟಲು ಯಾವ ಗಾಡಿ ಹಿಡಿಯಬೇಕೆಂದು ಕೇಳಿದರೆ, ಎರಡೂ ಗುಂಪು ಪರಸ್ಪರ ಕೇಳಲೇಬೇಕು, ಹೇಳಲೇಬೇಕು. ಬ್ಯಾಡಗಿ ಮಾರುಕಟ್ಟೆಯ ದರಪಟ್ಟಿಯಲ್ಲಿ ಡಬ್ಬಿ, ಕಡ್ಡಿ ತಳಿಗಳ ಕನಿಷ್ಠ–ಗರಿಷ್ಠ ದರ ನೋಡಿದರೆ 'ಇದು ಅದಕ್ಕಿಂತ ಹೆಚ್ಚು' ಎನ್ನುವ ವ್ಯಾಕರಣ ಸೂತ್ರವಿಲ್ಲದೆಯೇ ಬಾಯಿಗೆ ಬರುತ್ತದೆ. ಖಾರ ಕಡಿಮೆ, ಬಣ್ಣ ಗಾಢ ಎಂಬ ಕಾರಣಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಕಾಯಿಯ ಗುಣವನ್ನು ಹೊರನಾಡಿನ ಖರೀದಿದಾರನಿಗೆ ನಾಲ್ಕು ವಾಕ್ಯದಲ್ಲಿ ಬರೆದು ತಿಳಿಸಿ ಎಂದರೆ, ಪ್ರಬಂಧ ಬರೆಯಲಾರದ ಮಕ್ಕಳಿಗೂ ಹೇಳಲು ಏನಾದರೂ ಇರುತ್ತದೆ.

ಪರೀಕ್ಷೆಯ ಗತಿಯೇನು ಎಂಬುದು ಮೊದಲ ಆಕ್ಷೇಪ, ನ್ಯಾಯವಾದದ್ದೂ ಹೌದು. ಎಸ್ಸೆಸ್ಸೆಲ್ಸಿಯ 80 ಅಂಕ ಬರವಣಿಗೆಯ ಪರೀಕ್ಷೆಗೇ ಮೀಸಲು, ಬಿಡಿ ವಾಕ್ಯರಚನೆಯಲ್ಲಿ ಹಳೆಯ ಪದ್ಧತಿಯೇ ಗೆದ್ದದ್ದನ್ನು ಮೇಲೆಯೇ ಒಪ್ಪಿದ್ದೇನೆ. ಹಾಗಾಗಿ ವಾರಕ್ಕೆ ಒಂದೇ ಅವಧಿ ಸಾಕು. ಉಳಿದ 20 ಆಂತರಿಕ ಅಂಕಗಳಿಗೆ ಇಂಥ ಚಟುವಟಿಕೆ ಚೆನ್ನಾಗಿ ಹೊಂದುತ್ತದೆ. ಎರಡನೆಯ ಆಕ್ಷೇಪ, ತರಗತಿಯಲ್ಲಿ ಕನ್ನಡ ಬಂದರೆ ಇಂಗ್ಲಿಷು ಕೆಡುತ್ತದೆ ಎಂಬುದು. ಇದನ್ನು ನಾನು ಒಪ್ಪುವುದಿಲ್ಲ. ಈಗಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಹುಟ್ಟಿದ ವಿ. ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ 1981ರ ವರದಿಯೂ ಅವರದೇ. ಸಮಸ್ಯೆಯನ್ನು ಕನ್ನಡದಲ್ಲಿ ಚರ್ಚಿಸಿ ಉತ್ತರವನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದರೆ ಏನೂ ಮುಳುಗುವುದಿಲ್ಲ. ಸಾಲು ಸಾಲಾಗಿ ಅನುವಾದಿಸಿ ಹೇಳುವುದು ಬೇರೆ ಮಾತು. ಅಲ್ಲಿ ಯೋಚಿಸುವವರು ಮಾಸ್ತರರೊಬ್ಬರೇ.

ಮೂರನೆಯದನ್ನು ಶಿಕ್ಷಕರು ತಗ್ಗಿದ ದನಿಯಲ್ಲಿ ಹೇಳುತ್ತಾರೆ: ನಮ್ಮ ಇಂಗ್ಲಿಷೇ ಅಷ್ಟಕ್ಕಷ್ಟೆ. 2007-08ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದಾಗ, ಎಲ್ಲ ವಿಷಯ ಕಲಿಸುತ್ತಿದ್ದವರ ಹೆಗಲಿಗೆ ಇದೂ ಬಿತ್ತು; ಅಳುಕು ಸಹಜ. ಅದಕ್ಕೆ ಮದ್ದು ದೂರದ ಉಪನ್ಯಾಸಕ್ಕಿಂತ ಹತ್ತಿರದ ಸಹೋದ್ಯೋಗಿಗಳಲ್ಲಿದೆ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳು ಈಗಾಗಲೇ ಇವೆ. ಸುತ್ತೋಲೆ ಓದುವ ಹೊತ್ತಿನಲ್ಲಿ ಒಂದು ಗಂಟೆ ಉಳಿಸಿ, ಒಬ್ಬರು ಒಂದು ಚಟುವಟಿಕೆ ತಂದು, ಉಳಿದವರು ಮಕ್ಕಳಾಗಿ ಕೂತು ಬಿಡಿಸಲಿ. ಎಲ್ಲಿ ತೊಡಕಾಯಿತೋ ಅಲ್ಲಿ ತಿದ್ದಿ, ಮುಂದಿನ ಸಭೆಯಲ್ಲಿ ತರಗತಿಯಲ್ಲಿ ಏನಾಯಿತೆಂದು ಹೇಳಲಿ. ಶಿಕ್ಷಕರ ಇಂಗ್ಲಿಷೂ ಅಲ್ಲೇ ಸುಧಾರಿಸುತ್ತದೆ.

ಬೀಜದ ಪಾಕೀಟಿನಿಂದ ಶುರುಮಾಡುವವರಿಗೆ ಒಂದು ಮಾತು: ಔಷಧ ಲೇಪಿಸಿದ ಬೀಜವಿದ್ದ ಪಾಕೀಟನ್ನು ಮಕ್ಕಳ ಕೈಗೆ ಕೊಡಬೇಡಿ. ಫೋಟೊ ತೆಗೆದು ಅಚ್ಚು ಹಾಕಿಸಿ, ಇಲ್ಲವೇ ಹಲಗೆಯ ಮೇಲೆ ಬರೆಯಿರಿ. ಪಾಕೀಟಿನ ಮೇಲಿರುವ ಎಚ್ಚರಿಕೆಯ ಸಾಲನ್ನೇ ಮೊದಲು ಓದಿಸಿ.