ಗುಳೆ ಹೋಗುವವರೂ ಮನೆ ಕಟ್ಟಿಸುವವರೂ

ನಗರಗಳು ಬೆಳೆಯುವದು ದೇಶದ ಅಭ್ಯುದಯದ ಲಕ್ಷಣವೆಂದು ಅನೇಕರು ಭಾವಿಸುತ್ತಾರೆ. ಆದರೆ ನಗರವು ಯಾರ ಭುಜಬಲದಿಂದ ಬೆಳೆಯಿತು, ಬೆಳೆದ ಮೇಲೆ ಅವರಿಗೆ ಅದರಲ್ಲಿ ಎಷ್ಟು ಸ್ಥಳ ದೊರೆಯಿತು ಎಂಬುದನ್ನು ವಿಚಾರಿಸದೆ ಆ ಅಭ್ಯುದಯವನ್ನು ಅಳೆಯಲಾಗದು. ಈ ವಿಚಾರವನ್ನು ನಾವು ರಾಯಚೂರು ಸೀಮೆಯ ಒಂದು ಹಳ್ಳಿಯಿಂದ ಆರಂಭಿಸುವೆವು.

ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯು ತುಂಗಭದ್ರೆಯ ದಡದ ಗ್ರಾಮ. 1682ರಲ್ಲಿ ವಿಜಯದಾಸರು ಇಲ್ಲಿ ಜನಿಸಿದರು. ಬಡತನವನ್ನು ತಾಳಲಾರದೆ ಅವರು ಎಳೆಯ ವಯಸ್ಸಿನಲ್ಲಿಯೇ ಊರು ಬಿಟ್ಟು ಕಾಶಿಯ ವರೆಗೆ ಹೋದರೆಂದು ಸಂಪ್ರದಾಯವು ಹೇಳುತ್ತದೆ. ಹೊಟ್ಟೆಯ ಸಲುವಾಗಿ ಊರು ಬಿಡುವದು ಈ ನಾಡಿಗೆ ಹೊಸದಲ್ಲ. ಬರಗಾಲಗಳಲ್ಲಿ ಗುಂಪುಗುಂಪಾಗಿ ಹೋದವರೂ ಉಂಟು. ಹೊಸದೆಂದರೆ, ಬರಗಾಲದ ಆಪದ್ಧರ್ಮವಾಗಿದ್ದುದು ಈಗ ವರುಷವರುಷದ ವಾಡಿಕೆಯಾಗಿರುವದು. ಇದನ್ನೇ ನಮ್ಮ ಜನರು 'ಗುಳೆ' ಎನ್ನುತ್ತಾರೆ.

ಎರಡು ನದಿಗಳ ನಡುವಣ ನೆಲಕ್ಕೆ ಈ ಗತಿ ಏಕೆ? 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯು ಮಾನ್ವಿ ಸೀಮೆಗೂ ಬಂದಿತು. ದೇವದುರ್ಗಕ್ಕೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆಯುಂಟು. ಆದರೆ ಕಾಲುವೆಯ ಕೊನೆಯ ಭಾಗದವರಿಗೆ ನೀರು ಸಾಲದೆಂಬುದು ಹಳೆಯ ದೂರು. ಹೊಲವೇ ಇಲ್ಲದವನಿಗೆ ಕಾಲುವೆ ತುಂಬಿ ಹರಿದರೂ ಸುಗ್ಗಿ ಮುಗಿದ ಮೇಲೆ ಕೂಲಿಯಿಲ್ಲ. 2002ರಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಮಾನ್ವಿ, ದೇವದುರ್ಗಗಳೆರಡೂ ಇದ್ದವು.

ಹತ್ತಿರದಲ್ಲಿಯೇ ಇರುವ ರಾಯಚೂರು ನಗರವು ಇವರಿಗೆ ಆಶ್ರಯವಾಗಬಾರದೇ ಎಂದು ವಾಚಕರು ಕೇಳಬಹುದು. ಅಲ್ಲಿಗೆ 1871ರಲ್ಲಿಯೇ ರೈಲು ಬಂದಿತು. ಅರಳೆ, ಅಕ್ಕಿಗಳ ವ್ಯಾಪಾರವೂ ದೊಡ್ಡದು. ಆದರೆ ಅರಳೆಯ ಕೆಲಸವು ಹಂಗಾಮಿನದು. ನಗರವಾದರೂ ತನ್ನ ಜನರನ್ನೇ ಸಲಹಲು ಬಳಲುತ್ತಿದೆ. 2022ರ ಬೇಸಗೆಯಲ್ಲಿ ನಲ್ಲಿಯ ಕಲುಷಿತ ನೀರನ್ನು ಕುಡಿದು ಅಲ್ಲಿ ಹಲವರು ರೋಗಕ್ಕೀಡಾದರು, ಕೆಲವರು ಪ್ರಾಣವನ್ನೇ ತೆತ್ತರು. ಎರಡು ನದಿಗಳ ನಡುವಣ ಪಟ್ಟಣದಲ್ಲಿ ಹೀಗಾಯಿತೆಂಬುದು ಯೋಚಿಸತಕ್ಕ ಸಂಗತಿ.

ಹೀಗಾಗಿ ಗಂಟುಮೂಟೆಗಳು ಬೆಂಗಳೂರಿನ ದಾರಿ ಹಿಡಿಯುತ್ತವೆ. 'ಉಪನಗರ'ವೆಂಬ ಶಬ್ದದಲ್ಲಿ 'ಉಪ' ಎಂದರೆ ಸಮೀಪ. ಗುಳೆ ಬಂದವರ ಪಾಲಿಗೆ ಈ ಅರ್ಥವು ಅಕ್ಷರಶಃ ಸತ್ಯ. ಅವರು ನಗರದ ಸಮೀಪದಲ್ಲಿರುವರು, ನಗರದೊಳಗಲ್ಲ. ಬಹುಮಹಡಿಯ ಕಟ್ಟಡದ ಮಗ್ಗುಲಲ್ಲಿ ತಗಡಿನ ಇಲ್ಲವೆ ನೀಲಿ ತಾಡಪತ್ರಿಯ ಗುಡಿಸಲು. ಕೊಂಡು ತಂದ ನೀರು. ಹೆಂಗಸರಿಗೆ ಮರೆಯಿಲ್ಲದ ಬಾಳು. ಕಟ್ಟಡವು ಮುಗಿದ ದಿನವೇ ಅದನ್ನು ಕಟ್ಟಿದವರ ಗುಡಿಸಲು ಕಿತ್ತುಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಹಾನಿಯು ಮಕ್ಕಳದು. ಶಾಲೆಯ ಹಾಜರಿ ಪುಸ್ತಕವನ್ನು ಬಹುಕಾಲ ಹಿಡಿದ ನಾವು ಇದನ್ನು ಬಲ್ಲೆವು. ಸಂಕ್ರಾಂತಿ ಕಳೆಯುವದರೊಳಗೆ ಕೆಲವು ಹೆಸರುಗಳ ಮುಂದೆ ಗೈರುಹಾಜರಿಯ ಗುರುತುಗಳು ಸಾಲಾಗಿ ಬೀಳುತ್ತಿದ್ದವು. ಮಳೆಗಾಲಕ್ಕೆ ಮರಳಿ ಬಂದ ಹುಡುಗನು ಕಲಿತದ್ದನ್ನು ಮರೆತಿರುತ್ತಿದ್ದನು. ಎರಡು ವರುಷ ಹೀಗಾದರೆ ಮತ್ತೆ ಬರುತ್ತಲೇ ಇರಲಿಲ್ಲ. ಸಂವಿಧಾನದ 371(ಜೆ) ವಿಧಿಯು 2013ರಲ್ಲಿ ಜಾರಿಗೆ ಬಂದು ಈ ಭಾಗದವರಿಗೆ ವಿದ್ಯೆಯಲ್ಲಿಯೂ ನೌಕರಿಯಲ್ಲಿಯೂ ಮೀಸಲಾತಿಯನ್ನು ಒದಗಿಸಿತು. ಆದರೆ ನಾಲ್ಕನೆಯ ಇಯತ್ತೆಯಲ್ಲಿಯೇ ಓದು ನಿಂತವನಿಗೆ ಆ ಬಾಗಿಲು ಇದ್ದರೂ ಇಲ್ಲದಂತೆಯೇ.

ಪರಿಹಾರಗಳು ಇಲ್ಲದಿಲ್ಲ. ತಂದೆತಾಯಿಗಳು ಗುಳೆ ಹೋದಾಗ ಮಕ್ಕಳು ಊರಲ್ಲಿಯೇ ಉಳಿದು ಓದಲೆಂದು ಹಂಗಾಮಿನ ವಸತಿನಿಲಯಗಳನ್ನು ಸರಕಾರವು ನಡೆಸಿದ್ದುಂಟು. ಅವು ಗುಳೆ ಹೊರಡುವ ಮೊದಲೇ ತೆರೆಯಬೇಕು. 1996ರ ಕಾನೂನು ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ಕ್ಕೆ ಕಡಿಮೆಯಿಲ್ಲದ ಉಪಕರವನ್ನು ವಿಧಿಸಿ, ಆ ಹಣವು ಕಟ್ಟಡ ಕಾರ್ಮಿಕರ ಹಿತಕ್ಕೇ ಸಲ್ಲಬೇಕೆಂದಿತು. ಅದರ ಫಲವನ್ನು ಪಡೆಯಲು ಕಾರ್ಮಿಕನು ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಯಿಸಬೇಕು. ಅದಕ್ಕೆ ವರುಷದಲ್ಲಿ 90 ದಿನ ದುಡಿದ ದಾಖಲೆ ಬೇಕು. ಮೇಸ್ತ್ರಿಯಿಂದ ಮೇಸ್ತ್ರಿಗೆ ಅಲೆಯುವವನಿಗೆ ದಾಖಲೆಯನ್ನು ಕೊಡುವವರಾರು?

ಇಲ್ಲಿ ಗೃಹಸ್ಥರಾದ ವಾಚಕರ ಕರ್ತವ್ಯವಿದೆ. ಮನೆ ಕಟ್ಟಿಸುವಾಗ ನಾವು ವಾಸ್ತುವನ್ನು ಕೇಳುತ್ತೇವೆ, ಮುಹೂರ್ತವನ್ನು ಕೇಳುತ್ತೇವೆ. ಅವುಗಳ ಜೊತೆಗೆ ಇನ್ನು ಮೂರು ಮಾತುಗಳನ್ನು ಕೇಳೋಣ: ಈ ಕೂಲಿಯವರ ಹೆಸರುಗಳು ಮಂಡಳಿಯಲ್ಲಿವೆಯೇ? ಇವರು ದುಡಿದ ದಿನಗಳನ್ನು ಬರೆದುಕೊಟ್ಟಿದೆಯೇ? ಇವರ ಮಕ್ಕಳು ಯಾವ ಶಾಲೆಯಲ್ಲಿರುವರು? ಉತ್ತರವು ದೊರೆಯುವ ವರೆಗೆ ಗೃಹಪ್ರವೇಶದ ಹೋಳಿಗೆಯು ನಮ್ಮ ಬಾಯಿಗೆ ರುಚಿಸಬಾರದು.