ರಕ್ತದೊಳಗೇ ಕುಡುಗೋಲು! ಬೆಟ್ಟದ ಮಕ್ಕಳ ನೋವು ‘ನೆಪ’ ಅಲ್ಲ ಸ್ವಾಮಿ

ಹೋದ ವಾರ ಕಾಡಂಚಿನ ಒಂದು ಆಸ್ಪತ್ರೆಗೆ ಬೇರೇನೋ ಸುದ್ದಿಗೆಂದು ಹೋಗಿದ್ದೆ. ಬೆಂಚಿನ ಮೇಲೆ ಹತ್ತು ಹನ್ನೊಂದರ ಹುಡುಗನೊಬ್ಬ ಮಂಡಿ ಹಿಡಿದುಕೊಂಡು ಮುಲುಗುತ್ತಿದ್ದ. ಪಕ್ಕದಲ್ಲಿ ಅವನಪ್ಪ, ಸೋಲಿಗರವನು. ನಸುಕಿಗೇ ಪೋಡು ಬಿಟ್ಟು ಬಂದಿದ್ದರು.

“ಚಳಿ ಬಿದ್ರೆ ಹಿಂಗೇ ಸಾ. ಮೂಳೆ ಒಳ್ಗೇ ಕುಯ್ದಂಗಾಯ್ತದಂತೆ. ಇಸ್ಕೂಲ್ನಾಗೆ ಕಳ್ಳ ನೆಪ ಅಂತಾರೆ.”

ಒಳಗಿದ್ದವರು ಕಬ್ಬಿಣದ ಮಾತ್ರೆ ಪೊಟ್ಟಣ ಕಟ್ಟಿ ಕೈಗಿಟ್ಟಿದ್ದರು. ರಕ್ತ ಕಮ್ಮಿ, ಸೊಪ್ಪು ತಿನ್ಸಿ, ಆಯ್ತು ಹೊರಡಿ! ಆಸ್ಪತ್ರೆಯ ಹೆಸರು ಬೇಡ, ಬಿಡಿ. ರಕ್ತ ಯಾಕೆ ಕಮ್ಮಿ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನಾನೇನು ಡಾಕ್ಟರಲ್ಲ. ಆದರೂ ತಿಳಿದವರ ಹತ್ತಿರ ಕೂತು ಕೇಳಿಕೊಂಡದ್ದನ್ನು ಓದುಗರ ಮುಂದಿಡುತ್ತೇನೆ.

ನಮ್ಮ ಕೆಂಪು ರಕ್ತಕಣ ಹೆಬ್ಬೆರಳಿನಿಂದ ನಡುವೆ ಒತ್ತಿದ ಬಿಲ್ಲೆಯ ಹಾಗೆ. ಮೆತ್ತಗೆ, ಬಳುಕುತ್ತಾ ಎಂಥ ಸಂದಿಯಲ್ಲೂ ನುಸುಳಿಕೊಂಡು ಹೋಗುತ್ತದೆ. ಒಳಗಿರುವ ಹಿಮೋಗ್ಲೋಬಿನ್ ಆಮ್ಲಜನಕ ಹೊರುವ ಕೂಲಿ. ಈ ಹಿಮೋಗ್ಲೋಬಿನ್‌ನ ಒಂದು ಸರಪಳಿಯಲ್ಲಿ 146 ಮಣಿಗಳಿವೆ. ಆರನೆಯ ಒಂದೇ ಒಂದು ಮಣಿ ಬದಲಾಗಿ ಕೂತರೆ ಸಾಕು, ಎಡವಟ್ಟು. ಆಮ್ಲಜನಕ ಇಳಿಸಿದ ಮೇಲೆ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಕಡ್ಡಿಗಟ್ಟುತ್ತದೆ. ಬಿಲ್ಲೆಯಂಥ ಕಣ ಸೆಟೆದು ಕುಡುಗೋಲಾಗುತ್ತದೆ. ನಮ್ಮ ಕಡೆ ‘ಕುಡ್ಲು’ ಅಂತೀವಲ್ಲ, ಅದೇ. ಡಾಕ್ಟರುಗಳ ಬಾಯಲ್ಲಿ ಇದು ಸಿಕಲ್ ಸೆಲ್ ಅನೀಮಿಯಾ.

ಈ ಕುಡ್ಲುಗಳು ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಹಿಂದಿನ ದಾರಿಯೆಲ್ಲ ಬಂದ್. ಮುಂದಿನ ಮಾಂಸ, ಮೂಳೆಗೆ ಉಸಿರಿಲ್ಲ. ಹುಡುಗ ಮುಲುಗುತ್ತಿದ್ದದ್ದು ಇದಕ್ಕೇ. ಒಳ್ಳೆಯ ಕಣ 120 ದಿನ ಬಾಳಿದರೆ ಇದು ಹತ್ತಿಪ್ಪತ್ತು ದಿನಕ್ಕೇ ಒಡೆದುಹೋಗುತ್ತದೆ. ಮಜ್ಜೆ ಎಷ್ಟು ತಯಾರು ಮಾಡಿದರೂ ಸಾಲದು. ಇದು ಕಬ್ಬಿಣದ ಕೊರತೆಯ ಕಾಯಿಲೆಯೇ ಅಲ್ಲ. ಮೇಲೆ ಕಬ್ಬಿಣವೂ ಕಮ್ಮಿ ಇದೆ ಎಂದು ಪರೀಕ್ಷೆಯಲ್ಲಿ ಕಾಣದ ಹೊರತು ಆ ಪೊಟ್ಟಣದಿಂದ ಏನೂ ಆಗದು.

ಇನ್ನೊಂದು ಅಪಾಯ ಗುಲ್ಮದ್ದು. ಹೊಟ್ಟೆಯ ಎಡಗಡೆ ಪಕ್ಕೆ ಕೆಳಗಿರುವ ಈ ಅಂಗ ರಕ್ತದ ಜರಡಿಯೂ ಹೌದು, ಕಾವಲು ಠಾಣೆಯೂ ಹೌದು. ರೋಗಾಣು ಬಂದರೆ ಹಿಡಿದು ಬಡಿಯುವುದು ಇಲ್ಲೇ. ಕುಡ್ಲು ಕಣಗಳು ಸಿಕ್ಕಿ ಸಿಕ್ಕಿ ಎಳೆಯ ವಯಸ್ಸಿಗೇ ಗುಲ್ಮ ಸುಕ್ಕಿ ಕೆಲಸಕ್ಕೆ ಬಾರದಾಗುತ್ತದೆ. ಆಮೇಲೆ ಬೇರೆ ಮಕ್ಕಳಿಗೆ ಎರಡು ದಿನದಲ್ಲಿ ವಾಸಿಯಾಗುವ ಜ್ವರ ಈ ಮಕ್ಕಳ ಪ್ರಾಣವನ್ನೇ ತೆಗೆಯಬಹುದು. ಅದಕ್ಕೇ ಎಳೆ ಮಕ್ಕಳಿಗೆ ಪೆನಿಸಿಲಿನ್, ನ್ಯುಮೋನಿಯಾ ಲಸಿಕೆ ಬೇಕೇ ಬೇಕು. ಜ್ವರ ಬಂದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ.

1910ರಲ್ಲಿ ಚಿಕಾಗೋದ ಡಾಕ್ಟರ್ ಹೆರಿಕ್ ಇದನ್ನು ಮೊದಲು ಬರೆದಿಟ್ಟ. ರೋಗಿ ಗ್ರೆನಡಾ ದ್ವೀಪದಿಂದ ಬಂದಿದ್ದ ದಂತವೈದ್ಯ ವಿದ್ಯಾರ್ಥಿ. ನಮ್ಮ ದೇಶದಲ್ಲಿ ಇದು ಪತ್ತೆಯಾದದ್ದು 1952ರಲ್ಲಿ, ನೀಲಗಿರಿಯ ಗಿರಿಜನರಲ್ಲಿ. ಎಲ್ಲೋ ದೂರ ಅಂದುಕೊಂಡಿರಾ? ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ನೀಲಗಿರಿಯೇ ಸ್ವಾಮಿ! ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಈ ಕಾಯಿಲೆಯ ಮೇಲೆ ಕೆಲಸ ಮಾಡುತ್ತ ಬಂದಿದೆ.

ಕಾಡಿನವರಿಗೇ ಯಾಕೆ? ಮಲೇರಿಯಾ! ಕೆಟ್ಟ ಗುಣ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದಿದ್ದರೆ ಅವರು ವಾಹಕರು, ಸಾಮಾನ್ಯವಾಗಿ ಆರಾಮಾಗಿರುತ್ತಾರೆ. ಮಾರಕ ಮಲೇರಿಯಾ ಅವರನ್ನು ಅಷ್ಟಾಗಿ ಕೊಲ್ಲದು. ಹಾಗಾಗಿ ಮಲೇರಿಯಾ ಸೀಮೆಯಲ್ಲಿ ತಲೆಮಾರುಗಟ್ಟಲೆ ಈ ಗುಣ ಉಳಿದುಕೊಂಡಿತು. ಆದರೆ ವಾಹಕರಿಬ್ಬರು ಮದುವೆಯಾದರೆ ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಮಗುವಿನ ಭಯ. ಇದು ಯಾರ ಪಾಪವೂ ಅಲ್ಲ. ಹೆಣ್ಣಿನ ಮೇಲೆ ತಪ್ಪು ಹೊರಿಸುವ ಮಾವಂದಿರು ದಯವಿಟ್ಟು ಗಮನಿಸಬೇಕು.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಕೇಂದ್ರ ಸರ್ಕಾರ ಇದರ ನಿರ್ಮೂಲನ ಅಭಿಯಾನ ಶುರುಮಾಡಿತು. 40 ವರ್ಷದೊಳಗಿನ 7 ಕೋಟಿ ಜನರ ರಕ್ತಪರೀಕ್ಷೆ, ಕೈಗೊಂದು ಕಾರ್ಡು, 2047ರ ಹೊತ್ತಿಗೆ ಕಾಯಿಲೆ ಇಲ್ಲದಂತೆ ಮಾಡುವ ಗುರಿ. ಕರ್ನಾಟಕವೂ ಪಟ್ಟಿಯಲ್ಲಿದೆ. ಅದೇ ವರ್ಷದ ಕೊನೆಗೆ ಬ್ರಿಟನ್, ಅಮೆರಿಕಗಳಲ್ಲಿ ವಂಶವಾಹಿಯನ್ನೇ ತಿದ್ದುವ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಅಮೆರಿಕದಲ್ಲಿ ಇಟ್ಟ ಬೆಲೆ 22 ಲಕ್ಷ ಡಾಲರ್! ನಮ್ಮ ಪೋಡಿಗೆ ಸದ್ಯಕ್ಕೆ ಹೈಡ್ರಾಕ್ಸಿಯೂರಿಯಾ ಗುಳಿಗೆ ತಪ್ಪದೆ ಬಂದರೆ ಅದೇ ದೊಡ್ಡದು. ನೋವು ಬರುವುದನ್ನು ಅದು ಬಹಳ ಮಟ್ಟಿಗೆ ತಗ್ಗಿಸುತ್ತದೆ. ಜೊತೆಗೆ ಹೊಟ್ಟೆ ತುಂಬ ನೀರು, ಚಳಿಗೆ ಕಂಬಳಿ.

ಆವತ್ತು ನಾನೂ ಒಳಗೆ ಹೋಗಿ ಸ್ವಲ್ಪ ದನಿ ಏರಿಸಿದೆ, ಒಪ್ಪಿಕೊಳ್ಳುತ್ತೇನೆ. ಕೊನೆಗೆ ಹುಡುಗನ ತೋಳಿನಿಂದ ಪರೀಕ್ಷೆಗೆಂದು ರಕ್ತ ತೆಗೆದರು. ಸೋಮವಾರ ರಿಪೋರ್ಟು. ಅಪ್ಪ ಬಸ್ಸಿಗೆ ಹೊರಟವನು ಬಾಗಿಲಲ್ಲಿ ನಿಂತು ಕೇಳಿದ:

“ಮನೇಲಿ ಇನ್ನೊಂದು ಹೆಣ್ಕೂಸದೆ ಸಾ. ಅದ್ನೂ ಕರ್ಕ ಬರ್ಲಾ?”

ಕರ್ಕೊಂಡು ಬಾ ಅಂದೆ. ನೀನೂ ಕೊಡು, ನಿನ್ನ ಹೆಂಡ್ತಿದೂ ಕೊಡ್ಸು ಅಂದೆ.